ಮಾವನವರ ಕಂಪ್ಯೂಟರಿಗೆ ಹೆಪ್ಪು

ನಮ್ಮ ಮನೆಯಲ್ಲಿ ಯಾವ ಕೆಲಸವೂ ನೆಟ್ಟಗೆ ಶುರುವಾಗಿ ನೆಟ್ಟಗೆ ಮುಗಿದದ್ದು ನನಗೆ ನೆನಪಿಲ್ಲ. ಗ್ಯಾಸಿನ ಸಿಲಿಂಡರು ಬದಲಿಸುವಾಗಲೂ ಓಣಿಯ ನಾಲ್ಕು ಮಂದಿ ನಗುವಂಥದ್ದು ಏನಾದರೊಂದು ನಡೆದೇ ನಡೆಯುತ್ತದೆ. ಅಂಥ ಮನೆಯವರು ಒಂದು ಹಳೆಯ ಕಂಪ್ಯೂಟರಿನ ಪ್ರತಿ ತೆಗೆದಿಡಲು ಹೊರಟರೆ ಅದು ಸುಮ್ಮನೆ ಮುಗಿದೀತೇ?

೧. ಸಾಲಿಗೊಮ್ಮೆ ಕಿವಿ

ಕಂಪ್ಯೂಟರ್ ಮಾವನವರದು. ಅವರು ಹುಬ್ಬಳ್ಳಿಯ ಒಂದು ಹತ್ತಿ ಅಡತಿ ಅಂಗಡಿಯಲ್ಲಿ ಟೈಪಿಸ್ಟ್ ಆಗಿದ್ದವರು. ದಿನಾ ಧಾರವಾಡದಿಂದ ಹೋಗಿ ಬಂದು, ಕೆಲಸ ಬಿಟ್ಟ ವರ್ಷ ಕಂಪ್ಯೂಟರ್ ತಂದು ಪಡಸಾಲೆಯಲ್ಲಿ ಇಟ್ಟರು. ಟೈಪ್‌ರೈಟರಿನ ಮೇಲೆ ಬೆಳೆದ ಬೆರಳುಗಳು. ಕೀಲಿಗಳನ್ನು ಒತ್ತುತ್ತಿರಲಿಲ್ಲ, ಬಡಿಯುತ್ತಿದ್ದರು. ಒಂದು ಸಾಲು ಮುಗಿಯುತ್ತಲೇ ಅವರ ಎಡಗೈ ತಾನಾಗಿ ಮೇಲೆದ್ದು, ಟೈಪ್‌ರೈಟರಿನ ಉರುಳೆ ದೂಡುವ ಹಿಡಿಕೆಯನ್ನು ಹುಡುಕುತ್ತಿತ್ತು. ಹಿಡಿಕೆ ಇಲ್ಲವೆಂದು ನೆನಪಾದಾಗ, ಎತ್ತಿದ ಕೈಯನ್ನು ಸುಮ್ಮನೆ ಇಳಿಸಲು ನಾಚಿಕೆಯಾಗಿ ಕಿವಿ ತುರಿಸಿಕೊಳ್ಳುತ್ತಿದ್ದರು.

ನಾನು ಆಗಷ್ಟೇ ಮದುವೆಯಾಗಿ ಬಂದವಳು. ಈ ಹಿರಿಯರಿಗೆ ಸಾಲಿಗೊಮ್ಮೆ ಕಿವಿ ಕಡಿಯುತ್ತದೆಯೆಂದು ತಿಳಿದು, ಕೊಬ್ಬರಿ ಎಣ್ಣೆಯಲ್ಲಿ ಬೆಳ್ಳುಳ್ಳಿ ಹಾಕಿ ಬಿಸಿ ಮಾಡಿ ತಂದುಕೊಟ್ಟೆ. ಅವರು ಒಂದು ಮಾತೂ ಆಡದೆ ಹಾಕಿಸಿಕೊಂಡರು. ದಿನವೂ ಆ ಕಂಪ್ಯೂಟರಿನಲ್ಲಿ ಒಂದು ಪುಟ ದಿನಚರಿ ಬರೆಯುವ ರೂಢಿ ಅವರಿಗೆ. ಅವತ್ತು ಬರೆದದ್ದನ್ನು ನಾನು ಬಹಳ ವರ್ಷಗಳ ಮೇಲೆ ಓದಿದೆ: “ಸೊಸೆ ಒಳ್ಳೆಯವಳು. ಕಿವಿಗೆ ಎಣ್ಣೆ ಬಿಟ್ಟಳು. ಕಿವಿಗೆ ಏನೂ ಆಗಿರಲಿಲ್ಲ. ಈಗ ಸರಿಯಾಗಿ ಕೇಳಿಸುತ್ತಿಲ್ಲ.”

ಹತ್ತನೆಯದಕ್ಕೆ ಸಾಲೆ ಬಿಟ್ಟ ನನ್ನನ್ನು ಆ ಯಂತ್ರದ ಮುಂದೆ ಕೂಡಿಸಿ ಕಲಿಸಿದವರು ಅವರೇ. ಕೀಲಿ ನೋಡದೆ ಬಡಿಯಬೇಕೆಂದು ನನ್ನ ಕೈಗಳ ಮೇಲೆ ಟವೆಲ್ ಹೊದಿಸುತ್ತಿದ್ದರು. ಮಗಳು ಹುಟ್ಟಿದ ಮೇಲಂತೂ ಅವರ ಟಕಟಕ ಸದ್ದೇ ಅವಳಿಗೆ ಜೋಗುಳವಾಯಿತು. ಸದ್ದು ನಿಂತರೆ ಕೂಸು ಏಳುತ್ತಿತ್ತು. ಬರೆಯಲು ಏನೂ ಇಲ್ಲದ ದಿನ ಮಾವ ಸುಮ್ಮನೆ “ಕ ಕ ಕ ಕ” ಎಂದು ಬಡಿಯುತ್ತ ಕೂಡುತ್ತಿದ್ದರು. ದಿನಚರಿಯಲ್ಲಿ ಅಂಥ ಪುಟಗಳು ಸಾಕಷ್ಟಿವೆ. ಒಂದು ಪುಟದ ಕೊನೆಗೆ ಮಾತ್ರ ಒಂದು ಸಾಲು ಬೇರೆ ಇದೆ: “ಕೂಸು ಮಲಗಿತು. ಸೊಸೆಯೂ ಮಲಗಿದಳು. ಅಡಿಗೆ ಆಗಿಲ್ಲ.”

೨. ಖರೇ ಓದು

ಮಾವ ತೀರಿಕೊಂಡ ತಿಂಗಳಿಗೆ ಅತ್ತೆ ನನ್ನನ್ನು ಕರೆದು, ಅವರು ದಿನಾ ಅಲ್ಲಿ ಏನು ಬಡಿಯುತ್ತಿದ್ದರು, ಓದು ನೋಡೋಣ ಎಂದರು. ಅತ್ತೆಗೆ ಓದು ಬರುವುದಿಲ್ಲ. ಅಂದಿನಿಂದ ಮಧ್ಯಾಹ್ನ ಊಟವಾದ ಮೇಲೆ ದಿನಕ್ಕೆ ಒಂದೇ ಪುಟ. ಎರಡು ಓದೆಂದು ಅವರು ಒಮ್ಮೆಯೂ ಕೇಳಲಿಲ್ಲ. ಬೇಗ ತೀರಿಹೋಗಬಾರದಲ್ಲ, ಅದಕ್ಕೆ.

ಒಂದು ದಿನ ಬೈಸಿಕೊಳ್ಳುವ ನನ್ನ ಸರತಿ ಬಂತು. “ಇಂದು ಸೊಸೆ ಮಾಡಿದ ಕಡಲೆಹಿಟ್ಟಿನ ಜುಣಕದಿಂದ ಗೋಡೆಯ ಬಿರುಕು ಮುಚ್ಚಬಹುದಿತ್ತು” ಎಂದಿತ್ತು. ನಾನು ಕೆಮ್ಮಿ, “ಇಂದು ಸೊಸೆ ಮಾಡಿದ ಜುಣಕ ಬಹಳ ಛಲೋ ಆಗಿತ್ತು” ಎಂದು ಓದಿದೆ.

ಅತ್ತೆ ಕಣ್ಣು ಮುಚ್ಚಿಕೊಂಡೇ ಇದ್ದರು. “ನಲವತ್ತು ವರ್ಷ ನಾ ನೀಡಿದ್ದು ಉಂಡಾರ. ಒಮ್ಮಿನೂ ಛಲೋ ಅಂದವರಲ್ಲ. ಖರೇ ಓದು” ಎಂದರು.

ಖರೇ ಓದಿದೆ. ಅತ್ತೆ ಸೆರಗು ಬಾಯಿಗೆ ಹಿಡಿದು ನಕ್ಕರು, ನಗುತ್ತಲೇ ಕಣ್ಣು ಒರೆಸಿಕೊಂಡರು. “ಈಗ ನೋಡು, ಅವರು ಮಾತಾಡಿದ್ಹಾಂಗ ಆತು” ಎಂದರು. ಅಂದಿನಿಂದ ನನ್ನ ಅಡಿಗೆಯನ್ನು ಬೈದ ಪುಟಗಳನ್ನು ನಾನು ಎರಡು ಸಲ ಓದಬೇಕಾಯಿತು.

೩. ಮೂವರು ಬಲ್ಲವರು

ಹೋದ ವರ್ಷ ಆ ಕಂಪ್ಯೂಟರು ಒಳಗಿನಿಂದ ಟಿಕ್ ಟಿಕ್ ಎನ್ನತೊಡಗಿತು. ನಮ್ಮ ಮನೆಯವರು ಇಲ್ಲೇ ಧಾರವಾಡದ ಪಕ್ಕದ ಬೇಲೂರು ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಲೇಥ್ ಯಂತ್ರದ ಮೇಲೆ ಕೆಲಸ ಮಾಡುವವರು. ಸದ್ದು ಕೇಳಿಯೇ ರೋಗ ಹೇಳುತ್ತಾರೆ. ಡಿಸ್ಕ್ ಬಹಳ ದಿನ ಬಾಳುವುದಿಲ್ಲ ಎಂದರು. ದಿನಚರಿಯ ಫೈಲುಗಳನ್ನು ಪೆನ್‌ಡ್ರೈವಿಗೆ ತುಂಬಿಕೊಂಡು ಹೋಗಿ ಕಾರ್ಖಾನೆಯ ಕಂಪ್ಯೂಟರಿನಲ್ಲಿ ತೆರೆದರೆ, ಕನ್ನಡದ ಒಂದಕ್ಷರವೂ ಇಲ್ಲ. ಸಕ್ಕರೆಗೆ ಇರುವೆ ಮುತ್ತಿದ ಹಾಗೆ ಚುಕ್ಕಿ, ಗೀಟು, ಕೊಕ್ಕೆಗಳು. ಮಾವ ಬರೆದದ್ದು ಯಾವುದೋ ಹಳೆಯ ಕನ್ನಡ ತಂತ್ರಾಂಶದಲ್ಲಿ. ಅದು ಆ ಕಂಪ್ಯೂಟರಿನಲ್ಲಿ ಬಿಟ್ಟು ಬೇರೆಲ್ಲೂ ನಡೆಯುವುದಿಲ್ಲ. ಅದನ್ನು ಹಾಕಿಕೊಟ್ಟವನು ಈಗ ಎಲ್ಲಿದ್ದಾನೋ ಯಾರಿಗೂ ಗೊತ್ತಿಲ್ಲ. ಫೈಲು ಉಳಿಸಿಕೊಂಡರೆ ಸಾಲದು, ಕಂಪ್ಯೂಟರಿನ ಹೊಟ್ಟೆಯೊಳಗಿನದೆಲ್ಲವನ್ನೂ ಇದ್ದಂತೆಯೇ ಅಚ್ಚು ತೆಗೆದು ಇಡಬೇಕು. ಅದಕ್ಕೆ ಡಿಸ್ಕ್ ಇಮೇಜ್ ಎನ್ನುತ್ತಾರಂತೆ. ಅದನ್ನು ಮಾಡಲು ಸಾಫ್ಟ್‌ವೇರು ಹತ್ತಾರು ಇವೆಯಂತೆ.

ಯಾವುದು ಛಲೋ ಎಂದು ಕೇಳಲು ನಮ್ಮವರು ಒಂದು ರವಿವಾರ ಮೂವರು ಬಲ್ಲವರನ್ನು ಮನೆಗೆ ಕರೆದರು. ಅವರ ಕಾರ್ಖಾನೆಯ ಕಂಪ್ಯೂಟರ್ ಸಾಹೇಬರು, ನಮ್ಮ ನಾದಿನಿಯ ಗಂಡ, ಹುಬ್ಬಳ್ಳಿಯಲ್ಲಿ ರಿಪೇರಿ ಅಂಗಡಿ ಇಟ್ಟ ಒಬ್ಬರು. ಸಾಹೇಬರು ಹೇಳಿದ್ದು ವಿದೇಶದ್ದು. ಪ್ರತಿ ವರ್ಷ ರೊಕ್ಕ ಕಟ್ಟಬೇಕು, ಆದರೆ ಪರದೆ ಬಹಳ ಚೆಂದ. ನಾದಿನಿಯ ಗಂಡ ಹೇಳಿದ್ದು ಪುಕ್ಕಟೆ. ಅಚ್ಚು ತೆಗೆಯುವಾಗ ಏನೂ ಕೇಳುವುದಿಲ್ಲ, ತಿರುಗಿ ಇಳಿಸುವಾಗ ಮಾತ್ರ ರೊಕ್ಕ ಕೇಳುತ್ತದೆ. ರಿಪೇರಿಯವರು ಹೇಳಿದ್ದೂ ಪುಕ್ಕಟೆ, ಆದರೆ ಅದರ ಪರದೆ ಬಣ್ಣಗೆಟ್ಟ ಬಸ್ ನಿಲ್ದಾಣದ ಹಾಗಿತ್ತು. ಒಂದು ತಾಸು ಮೂವರೂ ವಾದಿಸಿದರು. ಮೂರು ಸಲ ಚಹಾ ಆಯಿತು.

ಚುರುಮುರಿ ಸೂಸ್ಲಾ ತಂದಿಟ್ಟ ಅತ್ತೆ ಅಲ್ಲೇ ಕೆಳಗೆ ಕೂತು ಒಂದೇ ಪ್ರಶ್ನೆ ಕೇಳಿದರು. “ನೀವು ಮೂರೂ ಮಂದಿ ಇದರಾಗ ಇಟ್ಟದ್ದನ್ನ ಯಾವಾಗರ ತಿರುಗಿ ತಂದೀರೇನು?”

ಸಾಹೇಬರು, ಇಟ್ಟದ್ದುಂಟು, ತರುವ ಪ್ರಸಂಗ ಬಂದಿಲ್ಲ ಎಂದರು. ನಾದಿನಿಯ ಗಂಡ ಸೂಸ್ಲಾದಲ್ಲಿ ಶೇಂಗಾ ಹುಡುಕತೊಡಗಿದರು. ರಿಪೇರಿಯವರು ತಲೆ ಕೆರೆದುಕೊಂಡು, “ಎರಡು ಸಲ ತಂದೇನ್ರಿ ಅವ್ವಾರ. ಒಮ್ಮೆ ಬಂತು, ಒಮ್ಮೆ ಬರಲಿಲ್ಲ. ಅಚ್ಚು ತೆಗೆದ ಮ್ಯಾಲೆ ಅದು ಸರಿ ಐತೋ ಇಲ್ಲೋ ಅಂತ ಅದಕ್ಕ ಚೆಕ್ ಮಾಡಾಕ ಹೇಳಬೇಕಿತ್ತು, ನಾ ಹೇಳಿರಲಿಲ್ಲ” ಎಂದರು.

“ಇವರದ ಇರಲಿ” ಎಂದು ಅತ್ತೆ ಎದ್ದರು.

ಸಾಹೇಬರಿಗೆ ಅವಮಾನವಾಯಿತು. ಒಮ್ಮೆ ತಪ್ಪಿದ್ದನ್ನೇ ಆರಿಸಿದಿರಲ್ಲ ಎಂದರು. ಅತ್ತೆ ಒಳಗಿನಿಂದಲೇ ಹೇಳಿದರು: “ರೊಟ್ಟಿ ಒಮ್ಮಿನೂ ಹೊತ್ತಿಸದಾಕಿ ಅಂದ್ರ ಒಲಿ ಮುಂದನ ಕುಂತಿಲ್ಲ ಅಂತ ಅರ್ಥರೀ ಸಾಹೇಬ್ರ.”

೪. ಅದೇ ಪಾತ್ರೆ

ಸಾಫ್ಟ್‌ವೇರು ನಿಕ್ಕಿಯಾದ ಮರುದಿನವೇ ನಮ್ಮವರು ಕೂತು ಅಚ್ಚು ತೆಗೆದರು. ಮೂರು ತಾಸು ಹಿಡಿಯಿತು. ಪರದೆಯ ಮೇಲೆ ಹಸಿರು ಗುರುತು ಬಂದಾಗ ಕಾಲರ್ ಎತ್ತಿಕೊಂಡು, “ಯವ್ವಾ, ಇನ್ನ ಅಪ್ಪನ ಕಂಪ್ಯೂಟರ್ ಸುಟ್ಟು ಬೂದಿ ಆದ್ರೂ ಚಿಂತಿಲ್ಲ” ಎಂದರು.

ಅತ್ತೆ, ಅಚ್ಚನ್ನು ಎಲ್ಲಿ ಇಟ್ಟಿದ್ದೀ ಎಂದು ಕೇಳಿದರು.

ನಮ್ಮವರು ಕಂಪ್ಯೂಟರಿನ ಡಬ್ಬಿಯನ್ನೇ ತಟ್ಟಿ ತೋರಿಸಿದರು. ಅದೇ ಡಿಸ್ಕಿನಲ್ಲಿ ಎರಡನೇ ಭಾಗವೊಂದಿದೆ, ಬೇಕಾದಷ್ಟು ಜಾಗ ಖಾಲಿ ಇತ್ತು, ಅಲ್ಲೇ ಇಟ್ಟಿದ್ದೇನೆ ಎಂದರು.

ಅತ್ತೆ ಮಗನನ್ನೊಮ್ಮೆ, ಡಬ್ಬಿಯನ್ನೊಮ್ಮೆ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, “ಇವ ಹೆಪ್ಪನ್ನ ಹಾಲಿನ ಪಾತ್ರ್ಯಾಗ ಇಟ್ಟು, ಹಾಲು ಒಡದ್ರ ಹೆಪ್ಪರ ಐತಲ್ಲ ಅನ್ನೋ ಪೈಕಿ” ಎಂದರು.

ಲೋಹವನ್ನು ಕೂದಲೆಳೆಯಷ್ಟು ಲೆಕ್ಕದಲ್ಲಿ ಕೊರೆಯುವ ಮನುಷ್ಯ ಸಂಜೆಗೆ ಪೇಟೆಗೆ ಹೋಗಿ, ಹೊರಗಿನಿಂದ ಜೋಡಿಸುವ ಹೊಸ ಡಿಸ್ಕ್ ತಂದರು. ತಂದು ನನ್ನ ಕೈಗೆ ಕೊಟ್ಟರು, ಅವ್ವನ ಕೈಗೆ ಕೊಡಲಿಲ್ಲ.

೫. ಒಂದೂವರೆ ತಾಸು

ಹೊಸ ಡಿಸ್ಕ್ ಬಂದ ಮೇಲೆ, ಅಚ್ಚುಪಚ್ಚು ಏಕೆ, ಹಳೆಯ ಡಿಸ್ಕನ್ನೇ ಹೊಸದಕ್ಕೆ ಜೋಡಿಸಿಬಿಡುತ್ತೇನೆ, ಹಳೆಯದರದ್ದೆಲ್ಲ ನೇರವಾಗಿ ಹೊಸದಕ್ಕೆ ಹರಿದುಹೋಗುತ್ತದೆ ಎಂದು ನಮ್ಮವರು ಜಾಣತನ ತೋರಿಸಿದರು. ಪರದೆಯ ಮೇಲೆ ಎರಡು ಚೌಕ ಬಂದವು. ಎಡಗಡೆ ಒಂದು ಡಿಸ್ಕ್, ಬಲಗಡೆ ಒಂದು ಡಿಸ್ಕ್. ಅವರು ಎರಡನ್ನೂ ಆರಿಸಿ ಬೆರಳು ಎತ್ತಿದ್ದೇ ತಡ, ಅತ್ತೆ ಅಡ್ಡ ಬಂದರು. ರಾಹುಕಾಲ ನಡೆದಿದೆ, ಮುಗಿಯುವವರೆಗೆ ಮುಟ್ಟಬೇಡ ಎಂದರು. ಕಂಪ್ಯೂಟರಿಗೆ ಎಂಥ ರಾಹು, ಕೇತು ಎಂದು ಇವರು. ನಿನ್ನ ಕಂಪ್ಯೂಟರಿಗಿಲ್ಲ, ಒಳಗಿರುವ ನನ್ನ ಗಂಡನಿಗೆ ಎಂದು ಅತ್ತೆ. ಇವರು ಸಿಟ್ಟಿನಿಂದ ಎದ್ದು ಪೇಪರ್ ಹಿಡಿದು ಹೊರಗೆ ಕೂತರು.

ನಾನು ಬದನೆಕಾಯಿ ಹೆಚ್ಚುತ್ತ ಆ ಪರದೆಯ ಮುಂದೆ ಕೂತೆ. ಬೇರೆ ಕೆಲಸವಿಲ್ಲ, ಅದರ ಮೇಲಿನ ಇಂಗ್ಲಿಷನ್ನು ಒಂದೊಂದೇ ಅಕ್ಷರ ಕೂಡಿಸಿ ಓದಿದೆ. ಎಡಗಡೆ “ಎಲ್ಲಿಂದ” ಎಂದಿತ್ತು, ಅದರ ಕೆಳಗೆ ಹೊಸ ಡಿಸ್ಕಿನ ಹೆಸರಿತ್ತು. ಬಲಗಡೆ “ಎಲ್ಲಿಗೆ” ಎಂದಿತ್ತು, ಅದರ ಕೆಳಗೆ ಮಾವನವರದಿತ್ತು. ಕೆಂಪು ಅಕ್ಷರದಲ್ಲಿ ಇನ್ನೂ ಒಂದು ಸಾಲು: ಬಲಗಡೆಯದರಲ್ಲಿ ಇರುವುದೆಲ್ಲ ಅಳಿಸಿಹೋಗುತ್ತದೆ. ಅಂದರೆ ಖಾಲಿ ಡಿಸ್ಕಿನ ಖಾಲಿತನವನ್ನು ತಂದು ಮಾವನ ಮೇಲೆ ಸುರಿಯುವ ವ್ಯವಸ್ಥೆ. ನನ್ನ ಕೈಯಲ್ಲಿದ್ದ ಬದನೆಕಾಯಿ ಕೆಳಗೆ ಬಿತ್ತು.

ಇವರನ್ನು ಕರೆದು ತೋರಿಸಿದೆ. ಬಣ್ಣ ಇಳಿದ ಮುಖದಲ್ಲಿ ಎರಡು ಸಲ ಓದಿದರು. ಆಮೇಲೆ ಜಾಣತನ ಬಿಟ್ಟು, ರಿಪೇರಿಯವರು ಹೇಳಿದ ಹಾಗೆಯೇ ಅಚ್ಚು ತೆಗೆದು, ಚೆಕ್ ಮಾಡಲು ಹೇಳಿ, ಅದು ಸರಿ ಇದೆ ಎನ್ನುವವರೆಗೂ ಕಾದರು. ಅದೂ ರಾಹುಕಾಲ ಮುಗಿದ ಮೇಲೆ. ದೇವರನ್ನೇ ನಂಬದ ನನ್ನ ಗಂಡ ಈಗ ಮೊಬೈಲ್ ಚಾರ್ಜಿಗೆ ಹಚ್ಚುವಾಗಲೂ ಗೋಡೆಯ ಕ್ಯಾಲೆಂಡರಿನ ಕಡೆ ಕಳ್ಳನೋಟ ಹಾಕುತ್ತಾರೆ.

೬. ದೀಪ ಹಚ್ಚಿದ ಮೇಲೆ

ಅಚ್ಚೇನೋ ಆಯಿತು. ಅದನ್ನು ಇಡುವುದು ಎಲ್ಲಿ? ಒಂದೇ ಮನೆಯಲ್ಲಿ ಎರಡೂ ಬೇಡ ಎಂದರು ಅತ್ತೆ. ಎದುರು ಮನೆಯ ಕಾಕು ಹತ್ತಿರ ಕೊಡು ಎಂದರು.

ಓಣಿಯವರೆಲ್ಲ ಚಿಕ್ಕಮ್ಮನನ್ನು ಕರೆಯುವಂತೆ ಕಾಕು ಎಂದು ಕರೆಯುವ ಇವರ ಬಗ್ಗೆ ಹೇಳಬೇಕು. ನಮ್ಮ ಮನೆಯಲ್ಲಿ ಹೆಪ್ಪು ಹುಳಿಯಾಗಿ ಕೆಟ್ಟಾಗಲೆಲ್ಲ ನಾವು ಬಟ್ಟಲು ಹಿಡಿದು ಹೋಗುವುದು ಅವರ ಬಾಗಿಲಿಗೆ. ಅವರು ಕೊಡುತ್ತಾರೆ. ಕೊಡುವಾಗ ಪ್ರತಿ ಸಲವೂ, “ನಿಮ್ಮ ಮನಿ ಮಸರು ಅಂದ್ರ ನಮ್ಮ ಮನಿ ಹೆಪ್ಪ, ಮರೀಬ್ಯಾಡ್ರಿ” ಎನ್ನುತ್ತಾರೆ. ದೀಪ ಹಚ್ಚಿದ ಮೇಲೆ ಮಾತ್ರ ಯಾರು ಬಂದರೂ ಕೊಡುವುದಿಲ್ಲ. ಹೆಪ್ಪು, ಉಪ್ಪು, ಸೂಜಿ ಏನೂ ಇಲ್ಲ. ಮನೆಯ ಲಕ್ಷ್ಮಿ ಹೊರಗೆ ಹೋಗುತ್ತಾಳಂತೆ. ಒಮ್ಮೆ ಮಗಳಿಗೆ ಜ್ವರ ಬಂದಾಗ ಥರ್ಮಾಮೀಟರ್ ಕೇಳಿದರೆ, ಕೂಸನ್ನೇ ಇಲ್ಲಿ ಕರೆದುಕೊಂಡು ಬಾ ಎಂದವರು. ಅಂಥವರು ನಮ್ಮ ಡಿಸ್ಕ್ ಇಸಿದುಕೊಂಡು, ಕುಂಕುಮ ಹಚ್ಚಿ, ಗೋಡೆಯೊಳಗಿನ ದೇವರ ಮಾಡದಲ್ಲಿ ಇಟ್ಟರು.

ಮೂರು ತಿಂಗಳು ಕಳೆಯಿತು. ಮಾವನವರ ಎರಡನೇ ವರ್ಷದ ಪುಣ್ಯದಿನ ಬಂತು. ಪೂಜೆಯಾಗಿ, ಎಲ್ಲರೂ ಕೂತಾಗ, ಅವರು ಬರೆದ ಕೊನೆಯ ಪುಟವನ್ನು ನಾನು ಓದಬೇಕೆಂದು ಅತ್ತೆ ನೆಂಟರಿಗೆಲ್ಲ ಹೇಳಿಬಿಟ್ಟಿದ್ದರು. ಆ ಪುಟವನ್ನು ಅತ್ತೆಯೂ ಕೇಳಿರಲಿಲ್ಲ. ಆ ದಿನಕ್ಕೆಂದೇ ಉಳಿಸಿಕೊಂಡಿದ್ದರು. ಸರಿಯಾಗಿ ಮೂರು ದಿನ ಮುಂಚೆ ಕಂಪ್ಯೂಟರಿನ ಟಿಕ್ ಟಿಕ್ ನಿಂತಿತು. ಅದರ ಜೊತೆ ಎಲ್ಲವೂ ನಿಂತಿತು. ಅತ್ತೆ ಎರಡು ಮಧ್ಯಾಹ್ನ ಊಟವಾದ ಮೇಲೆ ಅದೇ ಜಾಗದಲ್ಲಿ ಬಂದು ಕೂತು, ಕಪ್ಪು ಪರದೆ ನೋಡಿ, ಎದ್ದು ಹೋದರು.

ಪುಣ್ಯದಿನದ ಮುನ್ನಾದಿನ ಹುಬ್ಬಳ್ಳಿಯ ರಿಪೇರಿಯವರು ಹೊಸ ಡಿಸ್ಕ್ ಜೋಡಿಸಿ ಕೊಟ್ಟರು. ಅಚ್ಚು ಇಳಿಸಿಕೊಂಡರೆ ಮುಗಿಯಿತು, ಎರಡು ತಾಸಿನ ಕೆಲಸ ಎಂದರು. ನಮ್ಮವರು ಡಬ್ಬಿ ಹೊತ್ತು ಮನೆ ಮುಟ್ಟುವಷ್ಟರಲ್ಲಿ ದೀಪ ಹಚ್ಚುವ ಹೊತ್ತು ಮೀರಿತ್ತು. ಮರುದಿನ ಬೆಳಿಗ್ಗೆ ಬೇಗ ಅಯ್ಯನವರು ಪೂಜೆಗೆ ಬರುವವರು; ಆಮೇಲೆ ಮನೆಯಲ್ಲಿ ಕಾಲಿಡಲೂ ಜಾಗವಿರುವುದಿಲ್ಲ. ನಾನು ಓಡಿದೆ. ಕಾಕು ಬಾಗಿಲಲ್ಲೇ ನಿಂತು ದೇವರ ಮಾಡದ ಕಡೆ ಕೈ ತೋರಿಸಿದರು. ಪಣತಿ ಉರಿಯುತ್ತಿತ್ತು.

“ಕಾಕೂ, ಅದು ನಮ್ಮದ ಐತ್ರಿ.”

“ನಿಮ್ಮದ, ಯಾರು ಇಲ್ಲ ಅಂದ್ರು? ಆದ್ರ ಮೂರು ತಿಂಗಳ ನನ್ನ ದೇವರ ಹಂತೇಕ ಕುಂತೈತಿ. ಈಗ ಹೊಸ್ತಿಲಾ ದಾಟಸಾಂಗಿಲ್ಲ. ಮುಂಜಾನೆ ಬಾ.”

ಬೇಡಿಕೊಂಡೆ, ಜಗಳ ಮಾಡಿದೆ, ನನ್ನ ಬಾಯಿ ಓಣಿಗೆಲ್ಲ ಗೊತ್ತು. ಕಾಕು ಮಾಡದ ಮುಂದಿನಿಂದ ಸರಿಯಲಿಲ್ಲ. ಆಮೇಲೆ ಥರ್ಮಾಮೀಟರ್ ನೆನಪಾಯಿತು. ಹೊರಗೆ ಹೋಗುವುದಕ್ಕೆ ತಾನೇ ಅಡ್ಡಿ? ಒಳಗೆ ಬರುವುದಕ್ಕೆ ಇಲ್ಲವಲ್ಲ.

ಐದು ನಿಮಿಷದಲ್ಲಿ ನಮ್ಮ ಮೆರವಣಿಗೆ ಹೊರಟಿತು. ಮುಂದೆ ನಮ್ಮವರು ಡಬ್ಬಿ ಹೊತ್ತುಕೊಂಡು, ಹಿಂದೆ ನಾನು ಪರದೆ ಅಪ್ಪಿಕೊಂಡು, ನನ್ನ ಹಿಂದೆ ಎರಡನೇ ತರಗತಿಯ ಮಗಳು ಅಜ್ಜನ ಕೀಬೋರ್ಡು ತಲೆಯ ಮೇಲೆ ಇಟ್ಟುಕೊಂಡು, ಕೊನೆಗೆ ಅತ್ತೆ ಬರಿಗೈಯಲ್ಲಿ. ಕಟ್ಟೆಯ ಮೇಲೆ ಕೂತ ಹಿರಿಯರೊಬ್ಬರು ಗಾಬರಿಯಾಗಿ, ಅತ್ತೆಯೊಡನೆ ಜಗಳವಾಡಿ ಬೇರೆ ಮನೆ ಮಾಡಿದಿರೇನು ಎಂದು ನನ್ನನ್ನೇ ಕೇಳಿದರು. ಹಿಂದಿನಿಂದ ಅತ್ತೆ ಉತ್ತರ ಕೊಟ್ಟರು: “ಇಲ್ರಿ, ಕಂಪ್ಯೂಟರ್ ಹೆಪ್ಪಿಗೆ ಹೊಂಟೈತಿ.”

ಕಾಕು ಮನೆಯ ಪಡಸಾಲೆಯ ನಡುವೆ ಎಲ್ಲವನ್ನೂ ಹರಡಿಕೊಂಡು ಕೂತೆವು. ಕಾಕು ಕೈಮುಗಿದು, ಮಾಡದಿಂದ ಡಿಸ್ಕ್ ತೆಗೆದು ಕೊಟ್ಟರು, ಹೊಸ್ತಿಲ ಒಳಗೇ. ನಮ್ಮವರು ಬಲ ಎಡ ಎರಡನ್ನೂ ಮೂರು ಸಲ ನೋಡಿ, ನನ್ನಿಂದಲೂ ಓದಿಸಿ, ಒತ್ತಿದರು. ಕಾಕು ಎಲ್ಲರಿಗೂ ಜುಣಕ ರೊಟ್ಟಿ ಬಡಿಸಿದರು. ಅತ್ತೆಯ ಕಣ್ಣು ಪರದೆಯ ಮೇಲೆ ಇಷ್ಟಿಷ್ಟೇ ತೆವಳುವ ನೀಲಿ ಪಟ್ಟಿಯ ಮೇಲೆಯೇ ಇತ್ತು.

ಪಟ್ಟಿ ತುಂಬಿತು. ಪರದೆ ಕಪ್ಪಾಯಿತು. ಆಮೇಲೆ ಬೆಳಗಿತು. ಮಾವ ಹಾಕಿದ್ದ ಟೈಪ್‌ರೈಟರಿನ ಚಿತ್ರ, ಬಲಗಡೆ ಮೂಲೆಯಲ್ಲಿ ಅವರು ಸೊಟ್ಟಗೆ ಜೋಡಿಸಿದ ಗುರುತುಗಳು, ಹೆಸರಿಡಲು ಮರೆತ ಎರಡು ಖಾಲಿ ಫೋಲ್ಡರು, ಎಲ್ಲ ಹಾಗೆಯೇ. ಅಕ್ಷರ ಬಾರದ ಅತ್ತೆ ಎಲ್ಲರಿಗಿಂತ ಮೊದಲು ಗುರುತಿಸಿದರು. “ಬಂದ್ರು” ಎಂದರು, ಅಷ್ಟೇ. ಮಗಳು ಕೀಬೋರ್ಡಿನ ಮೇಲೆ “ಕ ಕ ಕ” ಎಂದು ಬಡಿದಳು.

ಕಾಕು ಮುಂದೆ ಸರಿದು ಕೂತರು. ಕೊನೆಯ ಪುಟ ನಾಳೆಗೆ ಇರಲಿ, ಅಕ್ಷರ ಸರಿ ಬಂದಿವೆಯೋ ನೋಡಲು ಬೇರೆ ಯಾವುದಾದರೂ ಒಂದು ಪುಟ ಓದು ಎಂದರು. ಅವರ ಮುಖದಲ್ಲಿ ದೊಡ್ಡ ಉಪಕಾರ ಮಾಡಿದ ಗೆಲುವಿತ್ತು. “ಅಣ್ಣಾರು ನಮ್ಮ ಮನಿ ಬಗ್ಗೆ ಏನರ ಬರದಿರಬೇಕು, ಹುಡುಕು.”

ಹುಡುಕಿದೆ. ಅಕ್ಷರಗಳು ಮುತ್ತಿನ ಹಾಗೆ ಬಂದಿದ್ದವು. ಖರೇ ಓದುವ ರೂಢಿ ಬಿದ್ದಿತ್ತಲ್ಲ, ಜೋರಾಗಿ ಓದಿಬಿಟ್ಟೆ.

“ಇಂದು ದೀಪ ಹಚ್ಚಿದ ಮೇಲೆ ಎದುರು ಮನೆಯ ತಂಗಿ ಹೆಪ್ಪು ಕೇಳಲು ಬಂದಳು. ಅವರ ಮನೆಯದು ಪೂರ್ತಿ ಕೆಟ್ಟಿದೆಯಂತೆ. ನಮ್ಮವಳು ಈ ಹೊತ್ತಿನಲ್ಲಿ ಕೊಡುವುದಿಲ್ಲ ಎಂದಳು. ಅದಕ್ಕೆ ಆಕೆ, ದೀಪಕ್ಕೇನು ಕಣ್ಣಿದೆಯೇ ಎಂದು ತಾನೇ ಅಡಿಗೆಮನೆಗೆ ಹೋಗಿ ಬಟ್ಟಲು ತುಂಬಿಕೊಂಡು ಹೋದಳು. ಹೋಗುವಾಗ ದೀಪಕ್ಕೆ ಕಾಣದಿರಲೆಂದು ಸೆರಗು ಮುಚ್ಚಿಕೊಂಡಳು.”

ಕಾಕು ರೊಟ್ಟಿಯ ಬುಟ್ಟಿಯನ್ನು ಆ ಕಡೆಯಿಂದ ಈ ಕಡೆ ಇಟ್ಟರು. ನಮ್ಮವರು ಗೋಡೆಯ ಕಡೆ ತಿರುಗಿ ಕೆಮ್ಮತೊಡಗಿದರು.

ಅತ್ತೆ ನಿಧಾನವಾಗಿ, “ನನಗ ಮರತ ಹೋಗಿತ್ತು. ಹಂಗಾರ ಇಷ್ಟು ವರ್ಷ ನಿಮ್ಮ ಮನ್ಯಾಗ ಇದ್ದದ್ದು ನಮ್ಮ ಹೆಪ್ಪ” ಎಂದರು.

ಕಾಕು ನನ್ನ ಕಿವಿಯ ಹತ್ತಿರ ಬಗ್ಗಿ, ಸಣ್ಣ ದನಿಯಲ್ಲಿ ಕೇಳಿದರು. “ಯವ್ವಾ, ನಾಳೆ ಮಂದಿ ಬರ್ತಾರ. ಆ ಒಂದು ಹಾಳಿ ಅಳಸಾಕ ಬರತೈತೇನು?”

“ಬರತೈತ್ರಿ ಕಾಕೂ. ಆದ್ರ ಅದರ ಅಚ್ಚು ಆ ಡಿಸ್ಕಿನ್ಯಾಗ ಐತಲ್ರಿ, ಅದನ್ನೂ ಅಳಸಬೇಕು.”

“ಹಂಗಾರ ಅದನ್ನ ಒಯ್ದುಬಿಡು” ಎಂದು ಅವಸರದಿಂದ ಡಿಸ್ಕನ್ನು ನನ್ನ ಕಡೆ ನೂಕಿದರು.

ಅತ್ತೆ ಅದನ್ನು ನಡುವೆಯೇ ತಡೆದು ಎತ್ತಿಕೊಂಡರು. ಎದ್ದು ಹೋಗಿ, ಉರಿಯುವ ಪಣತಿಯ ಪಕ್ಕದಲ್ಲಿ, ಮೊದಲಿದ್ದ ಜಾಗದಲ್ಲೇ ಇಟ್ಟು, ಕೈಮುಗಿದು ತಿರುಗಿದರು.

“ಬ್ಯಾಡವಾ ತಂಗಿ” ಎಂದರು. “ದೀಪ ಹಚ್ಚೇತಿ.”